ಮಂಡಿಯ ಬಿಲ್ಲಿಂಗ್ ಮಶೀನು ವಿಎಂ ಒಳಗೆ ಹೋದಾಗ: ಗೆಸ್ಟ್‌ಗೆ ಏನು ಕಾಣುತ್ತದೆ, ಏನು ಕಾಣಬೇಕು

ಅಡಿಕೆ ಮಂಡಿಯ ಬಿಲ್ಲಿಂಗ್ ಸಾಫ್ಟ್‌ವೇರ್ ವಿಂಡೋಸ್ 10 ಬಿಟ್ಟು ಕದಲುವುದಿಲ್ಲ, ಅದು ಕೂತಿರುವ ಕಂಪ್ಯೂಟರ್ ಮಾತ್ರ ಇವತ್ತೋ ನಾಳೆಯೋ ಎನ್ನುತ್ತಿದೆ ಎಂದುಕೊಳ್ಳಿ. ಡಿಸ್ಕನ್ನು ಹಾಗೇ ಇಮೇಜ್ ಮಾಡಿ, ಹೊಸ ಲಿನಕ್ಸ್ ಡಬ್ಬದ ಮೇಲೆ ಕೆವಿಎಂ ವಿಎಂ ಆಗಿ, ಅಂದರೆ ಕಂಪ್ಯೂಟರ್ ಒಳಗಿನ ಕಂಪ್ಯೂಟರ್ ಆಗಿ, ಎಬ್ಬಿಸುವುದು ಅರ್ಧ ದಿನದ ಕೆಲಸ. ಅದು ಏಳುತ್ತದೆ ಕೂಡ. ಆಮೇಲೆ ಶುರುವಾಗುವುದು ದೂರು: ಬಿಲ್ಲು ತೆರೆಯಲು ಹತ್ತು ಸೆಕೆಂಡ್, ಯಾರೂ ಮುಟ್ಟದಿದ್ದರೂ ಹೋಸ್ಟ್‌ನ (ವಿಎಂ ಹೊತ್ತಿರುವ ಲಿನಕ್ಸ್ ಡಬ್ಬದ) ಫ್ಯಾನ್ ಬೊಬ್ಬೆ ಹೊಡೆಯುತ್ತದೆ, ಕರೆಂಟ್ ಹೋಗಿ ಬಂದರೆ ಡೇಟಾಬೇಸ್ ರಿಪೇರಿ.

ಇವೆಲ್ಲದರ ಮೂಲ ಒಂದೇ ಕಡೆ ಇದೆ. ವಿಎಂಗಳನ್ನು ಓಡಿಸುವ ಹೈಪರ್‌ವೈಸರ್ (ಇಲ್ಲಿ ಕೆವಿಎಂ) ಆ ವಿಂಡೋಸ್‌ಗೆ ಯಾವ ಹಾರ್ಡ್‌ವೇರ್ ತೋರಿಸುತ್ತಿದೆ, ಯಾವ ಬಾಗಿಲು ತೆರೆದಿಟ್ಟಿದೆ ಎಂಬಲ್ಲಿ. ಅದನ್ನು ನೋಡುವುದು ಹೇಗೆ, ಬದಲಿಸುವುದು ಯಾವ ಕ್ರಮದಲ್ಲಿ, ಎಲ್ಲಿ ಎಡವುತ್ತೀರಿ ಎಂಬುದು ಈ ಲೇಖನ. ಆಜ್ಞೆಗಳು ಮತ್ತು ಫೈಲುಗಳ ಹೆಸರನ್ನು ಉಚ್ಚಾರದಂತೆ ಬರೆದಿದೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಒತ್ತಿ.

ಮೊದಲು ನೋಡಿ, ಆಮೇಲೆ ಮುಟ್ಟಿ

ಗೆಸ್ಟ್, ಅಂದರೆ ವಿಎಂ ಒಳಗೆ ಓಡುವ ಸಿಸ್ಟಂ, ಲಿನಕ್ಸ್ ಆದರೆ ‘ಸಿಸ್ಟಂಡಿ-ಡಿಟೆಕ್ಟ್-ವರ್ಟ್’ ಎಂದು ಒತ್ತಿ. ‘ಕೆವಿಎಂ’, ‘ಒರೇಕಲ್’, ‘ವಿಎಂವೇರ್’, ‘ಮೈಕ್ರೋಸಾಫ್ಟ್’ ಹೀಗೆ ಒಂದು ಪದ ಬರುತ್ತದೆ. ‘ಎಲ್‌ಎಸ್‌ಸಿಪಿಯು’ ಕೊಟ್ಟರೂ ಹೈಪರ್‌ವೈಸರ್ ಯಾರದ್ದು ಎಂಬ ಸಾಲು ಸಿಗುತ್ತದೆ. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಕೆಳಗೆ ‘ವರ್ಚುವಲ್ ಮಶೀನ್: ಯೆಸ್’ ಎಂದಿರುತ್ತದೆ.

ಗೆಸ್ಟ್‌ಗೆ ಇದು ಗೊತ್ತಾಗುವುದು ಸಿಪಿಯುಐಡಿ ಎಂಬ ಇನ್‌ಸ್ಟ್ರಕ್ಷನ್‌ನಿಂದ. ಅದರ 1ನೇ ಪುಟ ಕೇಳಿದಾಗ ಇಸಿಎಕ್ಸ್ ರಿಜಿಸ್ಟರ್‌ನ 31ನೇ ಬಿಟ್ ನಿಜವಾದ ಕಬ್ಬಿಣದ ಮೇಲೆ ಯಾವಾಗಲೂ 0. ಹೈಪರ್‌ವೈಸರ್ ಅದನ್ನು 1 ಮಾಡಿ ತೋರಿಸುತ್ತದೆ. ಅದು 1 ಇದ್ದರೆ ಗೆಸ್ಟ್ ಮುಂದೆ ಹೋಗಿ ಹೆಕ್ಸ್ 40000000ನೇ ಪುಟ ಕೇಳುತ್ತದೆ, ಅಲ್ಲಿ ಹನ್ನೆರಡು ಬೈಟ್‌ಗಳ ಸಹಿ ಇರುತ್ತದೆ. ಕೆವಿಎಂನ ಸಹಿ ‘ಕೆವಿಎಂಕೆವಿಎಂಕೆವಿಎಂ’ ಮತ್ತು ಮೂರು ಸೊನ್ನೆ ಬೈಟ್. ವಿಎಂವೇರ್ ತನ್ನ ಹೆಸರನ್ನೇ ಎರಡು ಸಲ ಬರೆದುಕೊಂಡಿದೆ. ಮುಂದಿನ ಪುಟಗಳಲ್ಲಿ ‘ನನ್ನಲ್ಲಿ ಇಂತಿಂಥ ಸೌಲಭ್ಯ ಇದೆ’ ಎಂಬ ಪಟ್ಟಿ.

ಈಗ ಸಾಧನಗಳನ್ನು ನೋಡಿ. ಲಿನಕ್ಸ್‌ನಲ್ಲಿ ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು, ಸಾಧನದ ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡಿ. ನೆಟ್‌ವರ್ಕ್ ಕಾರ್ಡ್ 8086:100ಇ ಎಂದಿದ್ದರೆ ಅದು ಇಂಟೆಲ್‌ನ 82540ಇಎಂ ಎಂಬ ಹಳೇ ಗಿಗಾಬಿಟ್ ಚಿಪ್ಪಿನ ವೇಷ, ಅಂದರೆ ಇ1000. 1ಎಎಫ್4 ಎಂದು ಶುರುವಾಗಿದ್ದರೆ ಅದು ವರ್ಟಿಯೋ, ವಿಎಂಗಳಿಗೆಂದೇ ರೂಪಿಸಿದ ಸಾಧನ. ವರ್ಟಿಯೋ ಸಾಧನಗಳಲ್ಲಿ ಎರಡನೇ ಅಂಕಿ 1041 ಆದರೆ ನೆಟ್‌ವರ್ಕ್, 1042 ಆದರೆ ಡಿಸ್ಕ್. 1000, 1001 ಎಂದಿದ್ದರೂ ಅವೇ, ಹಳೇ ಡ್ರೈವರ್‌ಗಳಿಗೂ ಅರ್ಥವಾಗಲಿ ಎಂದು ಇಟ್ಟ ಅಂಕಿಗಳು.

ವೇಷ, ಒಪ್ಪಂದ, ನೇರ ಹಸ್ತಾಂತರ

ಗೆಸ್ಟ್‌ಗೆ ಸಾಧನ ಕಾಣುವುದು ಮೂರು ಬಗೆಯಲ್ಲಿ.

ಮೊದಲನೆಯದು ವೇಷ, ಎಮ್ಯುಲೇಶನ್. ಹೋಸ್ಟ್‌ನಲ್ಲಿ ವಿಎಂ ಓಡಿಸುವ ಕ್ಯೂಇಎಂಯು ಪ್ರೋಗ್ರಾಂ ಇಂಟೆಲ್ ಚಿಪ್ಪಿನ ಬಣ್ಣ ಹಚ್ಚಿಕೊಂಡು ರಂಗಕ್ಕೆ ಬರುತ್ತದೆ. ಗೆಸ್ಟ್‌ನ ಡ್ರೈವರ್ ಅದನ್ನು ನಿಜವಾದ ಚಿಪ್ಪೆಂದೇ ನಂಬಿ ರಿಜಿಸ್ಟರ್‌ಗಳಿಗೆ ಬರೆಯುತ್ತದೆ. ಅಂಥ ಒಂದೊಂದು ಬರವಣಿಗೆಗೂ ಪ್ರೊಸೆಸರ್ ಗೆಸ್ಟನ್ನು ನಿಲ್ಲಿಸಿ ಹೈಪರ್‌ವೈಸರ್ ಕಡೆ ಹೊರಳಬೇಕು. ಇದಕ್ಕೆ ವಿಎಂ ಎಕ್ಸಿಟ್ ಎನ್ನುತ್ತಾರೆ. ಸಾದಾ ಇನ್‌ಸ್ಟ್ರಕ್ಷನ್ ಒಂದೆರಡು ಸೈಕಲ್‌ನಲ್ಲಿ ಮುಗಿದರೆ, ಹೀಗೆ ಹೊರಗೆ ಹೋಗಿ ಬರಲು ಸಾವಿರಕ್ಕೂ ಮೇಲೆ. ಒಂದು ಪ್ಯಾಕೆಟ್ ಕಳಿಸಲು ಹಲವು ರಿಜಿಸ್ಟರ್ ಮುಟ್ಟಬೇಕಾದರೆ ಅಷ್ಟೂ ಸಲ ಇದೇ ಓಡಾಟ.

ಎರಡನೆಯದು ಒಪ್ಪಂದ. ಗೆಸ್ಟ್‌ಗೆ ತಾನು ವಿಎಂ ಒಳಗಿರುವುದು ಗೊತ್ತು, ಹೈಪರ್‌ವೈಸರ್‌ಗೂ ಅದನ್ನು ಮುಚ್ಚಿಡುವ ಹಂಗಿಲ್ಲ. ಇಬ್ಬರೂ ಸೇರಿ ಕಡಿಮೆ ಓಡಾಟದ ದಾರಿ ಮಾಡಿಕೊಳ್ಳುತ್ತಾರೆ. ಕೆವಿಎಂ ಲಿನಕ್ಸ್ ಕರ್ನಲ್‌ಗೆ ಸೇರಿದ್ದು 2007ರಲ್ಲಿ, 2.6.20ನೇ ಆವೃತ್ತಿಯಲ್ಲಿ. ಇಂಥ ಒಪ್ಪಂದವೇ ಆದ, ರಸ್ಟಿ ರಸೆಲ್ ರೂಪಿಸಿದ ವರ್ಟಿಯೋ ಅದರ ಮರುವರ್ಷವೇ 2.6.24ರಲ್ಲಿ ಬಂತು.

ಮೂರನೆಯದು ನಿಜವಾದ ಸಾಧನವನ್ನೇ ಗೆಸ್ಟ್ ಕೈಗೆ ಕೊಟ್ಟುಬಿಡುವುದು. ಗ್ರಾಫಿಕ್ಸ್ ಕಾರ್ಡ್‌ಗೆ, ಯುಎಸ್‌ಬಿ ಡಾಂಗಲ್‌ಗೆ ಇದು ಸರಿ. ಮಂಡಿಯ ಡಿಸ್ಕ್‌ಗೂ ನೆಟ್‌ವರ್ಕ್‌ಗೂ ಇದರ ಗೋಜು ಬೇಡ.

ವರ್ಟಿಯೋ ಒಳಗೆ ಒಂದು ಇಣುಕು

ರೈತರೊಬ್ಬರು ಇಪ್ಪತ್ತು ಮೂಟೆ ರಾಶಿ ಅಡಿಕೆ ತಂದಿದ್ದಾರೆ. ಒಂದೊಂದು ಮೂಟೆಗೂ ಗುಮಾಸ್ತರ ಮೇಜಿನ ಮುಂದೆ ನಿಂತು ತೂಕ ಹೇಳಿ, ಅವರು ಬರೆದುಕೊಂಡ ಮೇಲೆ ವಾಪಸ್ ಬಂದು ಮುಂದಿನ ಮೂಟೆ ಹಿಡಿದರೆ ಸಂಜೆಯಾಗುತ್ತದೆ. ಇಪ್ಪತ್ತು ಚೀಟಿ ಬರೆದು ತಟ್ಟೆಯಲ್ಲಿಟ್ಟು ಒಂದು ಸಲ ಗಂಟೆ ಹೊಡೆದರೆ ಗುಮಾಸ್ತರು ತಮ್ಮ ಪಾಡಿಗೆ ಎತ್ತಿಕೊಂಡು, ಮುಗಿದ ಚೀಟಿಯನ್ನು ಪಕ್ಕದ ತಟ್ಟೆಗೆ ಹಾಕುತ್ತಾರೆ. ವರ್ಟಿಯೋದ ಕ್ಯೂ ಇರುವುದು ಹೀಗೆಯೇ.

ಚೀಟಿ ಎಂದರೆ 16 ಬೈಟ್‌ಗಳ ಡಿಸ್ಕ್ರಿಪ್ಟರ್: ಡೇಟಾ ಎಲ್ಲಿದೆ ಎಂಬ ವಿಳಾಸಕ್ಕೆ 8 ಬೈಟ್, ಉದ್ದಕ್ಕೆ 4, ಗುರುತುಗಳಿಗೆ 2, ಮುಂದಿನ ಚೀಟಿ ಯಾವುದು ಎನ್ನಲು 2. ಗೆಸ್ಟ್ ಇವನ್ನು ತನ್ನ ಮೆಮೊರಿಯಲ್ಲೇ ಬರೆದು ‘ಅವೈಲಬಲ್’ ರಿಂಗ್‌ನಲ್ಲಿ ಅಂಕಿ ಹಾಕುತ್ತದೆ, ಕೊನೆಗೊಂದು ಗಂಟೆ. ಎಕ್ಸಿಟ್ ಆಗುವುದು ಆ ಗಂಟೆಗೆ ಮಾತ್ರ. ಹೋಸ್ಟ್ ಕೆಲಸ ಮುಗಿಸಿ ‘ಯೂಸ್ಡ್’ ರಿಂಗ್‌ನಲ್ಲಿ ಗುರುತು ಹಾಕಿ ಇಂಟರಪ್ಟ್ ಕೊಡುತ್ತದೆ. ಗುಮಾಸ್ತರು ಇನ್ನೂ ತಟ್ಟೆಯ ಮುಂದೆಯೇ ಇದ್ದರೆ ಗಂಟೆಯೂ ಬೇಡ ಎಂದು ಹೇಳಿಡಲು ಒಂದು ಗುರುತಿದೆ.

ವ್ಯವಹಾರ ಶುರುವಾಗುವ ಮುನ್ನ ಡ್ರೈವರ್ ಮತ್ತು ಸಾಧನದ ನಡುವೆ ಮಾತುಕತೆ ನಡೆಯುತ್ತದೆ. ಡ್ರೈವರ್ ಸ್ಟೇಟಸ್ ರಿಜಿಸ್ಟರ್‌ನಲ್ಲಿ ಬರೆಯುತ್ತಾ ಹೋಗುತ್ತದೆ: 1 ಎಂದರೆ ನಿನ್ನನ್ನು ಕಂಡೆ, 2 ಎಂದರೆ ನಿನ್ನನ್ನು ಓಡಿಸಲು ನನಗೆ ಬರುತ್ತದೆ, 8 ಎಂದರೆ ಸೌಲಭ್ಯಗಳ ಪಟ್ಟಿ ಒಪ್ಪಿಗೆ, 4 ಎಂದರೆ ಸಿದ್ಧ. (8 ಆದಮೇಲೆ 4 ಏಕೆಂದರೆ, ಪಟ್ಟಿ ಒಪ್ಪಿಗೆಯ ಹಂತವನ್ನು ವರ್ಟಿಯೋ 1.0ರಲ್ಲಿ ನಡುವೆ ಸೇರಿಸಿದರು.) ಎಲ್ಲ ಕೂಡಿದರೆ 15, ಹೆಕ್ಸ್‌ನಲ್ಲಿ ಎಫ್. ಲಿನಕ್ಸ್ ಗೆಸ್ಟ್‌ನಲ್ಲಿ ಇದನ್ನು ಕಣ್ಣಾರೆ ನೋಡಬಹುದು: /ಸಿಸ್/ಬಸ್/ವರ್ಟಿಯೋ/ಡಿವೈಸಸ್/ವರ್ಟಿಯೋ0/ಸ್ಟೇಟಸ್ ಫೈಲನ್ನು ‘ಕ್ಯಾಟ್’ ಮಾಡಿ. ಕೊನೆಯಲ್ಲಿ ಎಫ್ ಇದ್ದರೆ ಸಾಧನ ನಡೆಯುತ್ತಿದೆ. 1ಕ್ಕೇ ನಿಂತಿದ್ದರೆ ಸಾಧನ ಕಂಡಿದೆ, ಡ್ರೈವರ್ ಇಲ್ಲ. 128 ಕೂಡಿದ್ದರೆ ಡ್ರೈವರ್ ಕೈಚೆಲ್ಲಿದೆ, ‘ಡಿಮೆಸೇಜ್’ ನೋಡಿ.

ಅಲ್ಲೇ ಪಕ್ಕದಲ್ಲಿ ‘ಫೀಚರ್ಸ್’ ಎಂಬ ಫೈಲಿದೆ, ಸೊನ್ನೆ ಒಂದುಗಳ ಉದ್ದ ಸಾಲು. ಎಡದಿಂದ 0, 1, 2 ಎಂದು ಎಣಿಸಿ. ಡಿಸ್ಕ್ ಸಾಧನದಲ್ಲಿ 9ನೆಯದು ಫ್ಲಶ್. ಇದನ್ನು ನೆನಪಿಡಿ, ಮಳೆಗಾಲದ ಭಾಗದಲ್ಲಿ ಬೇಕಾಗುತ್ತದೆ.

ವಿಂಡೋಸ್ ಡಿಸ್ಕನ್ನು ವರ್ಟಿಯೋಗೆ ಬದಲಿಸುವ ಕ್ರಮ

ನಿಯಮ ಒಂದೇ: ಡ್ರೈವರ್ ಮೊದಲು, ಸಾಧನ ಆಮೇಲೆ. ವಿಂಡೋಸ್ ಬೂಟ್ ಆಗುವಾಗ ಡಿಸ್ಕ್ ಓದಲು ಬೇಕಾದ ಡ್ರೈವರ್ ಬೂಟ್ ಪಟ್ಟಿಯಲ್ಲೇ ಇರಬೇಕು. ಡ್ರೈವರ್ ಇರುವುದು ಡಿಸ್ಕ್‌ನಲ್ಲಿ, ಡಿಸ್ಕ್ ಓದಲು ಬೇಕಾದದ್ದು ಡ್ರೈವರ್. ಕೀಲಿಕೈ ಒಳಗಿಟ್ಟು ಬೀಗ ಹಾಕಿದಂತೆ. ಸಾಟಾ ಇದ್ದದ್ದನ್ನು ಸೀದಾ ವರ್ಟಿಯೋ ಮಾಡಿದರೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆ ಬರುವುದು ಇದಕ್ಕೇ.

1. ಗೆಸ್ಟ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಆಗಿ ‘ಪವರ್‌ಸಿಎಫ್‌ಜಿ /ಎಚ್ ಆಫ್’ ಕೊಡಿ. ಇಲ್ಲದಿದ್ದರೆ ಶಟ್‌ಡೌನ್ ಎಂದರೂ ವಿಂಡೋಸ್ ಅರೆನಿದ್ದೆಗೆ ಹೋಗುತ್ತದೆ, ಎದ್ದಾಗ ಹಳೇ ಹಾರ್ಡ್‌ವೇರನ್ನೇ ಹುಡುಕುತ್ತದೆ. ‘ಐಪಿಕಾನ್ಫಿಗ್ /ಆಲ್’ ಕೊಟ್ಟು ಬಂದದ್ದನ್ನು ಬರೆದಿಟ್ಟುಕೊಳ್ಳಿ.

2. ವಿಎಂ ಶಟ್‌ಡೌನ್ ಮಾಡಿ ಡಿಸ್ಕ್ ಫೈಲಿನ ಪ್ರತಿ ತೆಗೆಯಿರಿ. ‘ವರ್ಶ್ ಡಂಪ್‌ಎಕ್ಸ್‌ಎಂಎಲ್’ ಔಟ್‌ಪುಟ್ಟನ್ನೂ (ವಿಎಂನ ಸೆಟ್ಟಿಂಗ್‌ಗಳೆಲ್ಲ ಇರುವ ಎಕ್ಸ್‌ಎಂಎಲ್) ಒಂದು ಫೈಲಿಗೆ ಉಳಿಸಿ.

3. ವರ್ಟ್-ಮ್ಯಾನೇಜರ್‌ನಲ್ಲಿ ವಿಂಡೋಸ್‌ನ ವರ್ಟಿಯೋ ಡ್ರೈವರ್‌ಗಳಿರುವ ವರ್ಟಿಯೋ-ವಿನ್ ಐಎಸ್‌ಒ ಅನ್ನು ಸಿಡಿಯಾಗಿ ಸೇರಿಸಿ. ಜೊತೆಗೆ 1 ಜಿಬಿಯ ಖಾಲಿ ಡಿಸ್ಕ್ ಒಂದನ್ನು ವರ್ಟಿಯೋ ಬಸ್ ಮೇಲೆ ಸೇರಿಸಿ. ಮುಖ್ಯ ಡಿಸ್ಕನ್ನು ಮುಟ್ಟಬೇಡಿ.

4. ವಿಎಂ ಎಬ್ಬಿಸಿ, ಸಿಡಿಯಲ್ಲಿರುವ ‘ವರ್ಟಿಯೋ-ವಿನ್-ಗೆಸ್ಟ್-ಟೂಲ್ಸ್’ ಓಡಿಸಿ. ಡ್ರೈವರ್‌ಗಳ ಜೊತೆಗೆ ಗೆಸ್ಟ್ ಏಜೆಂಟ್ (ಹೋಸ್ಟ್ ಹೇಳಿದ್ದನ್ನು ಗೆಸ್ಟ್ ಒಳಗೆ ಮಾಡುವ ಸರ್ವಿಸ್) ಕೂಡ ಬರುತ್ತದೆ.

5. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು 1 ಜಿಬಿ ಡಿಸ್ಕ್ ಕಾಣುತ್ತಿದೆಯೇ ನೋಡಿ. ಕಂಡರೆ ಡ್ರೈವರ್ ನಿಜವಾಗಿ ಓಡುತ್ತಿದೆ, ಬೂಟ್ ಪಟ್ಟಿಗೂ ಸೇರಿದೆ ಎಂದರ್ಥ. ಖಾಲಿ ಡಿಸ್ಕ್ ಇಲ್ಲದೆ ಡ್ರೈವರ್ ಹಾಕಿದರೆ ಅದು ಪೆಟ್ಟಿಗೆಯಲ್ಲೇ ಉಳಿಯುತ್ತದೆ, ಓಡುವುದಿಲ್ಲ. ಎಡವುವವರು ಹೆಚ್ಚಾಗಿ ಎಡವುವುದು ಇಲ್ಲೇ.

6. ವಿಎಂ ಶಟ್‌ಡೌನ್ ಮಾಡಿ. 1 ಜಿಬಿ ಡಿಸ್ಕ್ ತೆಗೆದುಹಾಕಿ. ‘ವರ್ಶ್ ಎಡಿಟ್’ ಮಾಡಿ ಮುಖ್ಯ ಡಿಸ್ಕ್‌ನ ಟಾರ್ಗೆಟ್ ಸಾಲಿನಲ್ಲಿ ಎಸ್‌ಡಿಎ ಇದ್ದದ್ದನ್ನು ವಿಡಿಎ, ಸಾಟಾ ಇದ್ದದ್ದನ್ನು ವರ್ಟಿಯೋ ಮಾಡಿ. ಅದೇ ಡಿಸ್ಕ್ ಒಳಗಿನ ಅಡ್ರೆಸ್ ಸಾಲನ್ನು ಪೂರ್ತಿ ಅಳಿಸಿ. ಅದು ಸಾಟಾ ಕಂಟ್ರೋಲರ್‌ನ ವಿಳಾಸ, ವರ್ಟಿಯೋ ಡಿಸ್ಕ್‌ಗೆ ಪಿಸಿಐ ವಿಳಾಸ ಬೇಕು. ಬಿಟ್ಟರೆ ಲಿಬ್‌ವರ್ಟ್ (ವರ್ಶ್ ಹಿಂದೆ ನಿಂತು ವಿಎಂಗಳನ್ನು ನಿಭಾಯಿಸುವ ಸಾಫ್ಟ್‌ವೇರ್) ತಗಾದೆ ತೆಗೆಯುತ್ತದೆ, ಅಳಿಸಿದರೆ ಹೊಸದನ್ನು ತಾನೇ ಬರೆದುಕೊಳ್ಳುತ್ತದೆ.

7. ಬೂಟ್ ಕ್ರಮದಲ್ಲಿ ಆ ಡಿಸ್ಕ್ ಮೊದಲಿದೆಯೇ ನೋಡಿ, ಎಬ್ಬಿಸಿ.

ನೀಲಿ ಪರದೆ ಬಂದರೆ ಗಾಬರಿ ಬೇಡ. ವಾಪಸ್ ಸಾಟಾ ಮಾಡಿ, 3ನೇ ಹೆಜ್ಜೆಯಿಂದ ಮತ್ತೆ ಹೋಗಿ. ಒಂದು ಗೊಂದಲ ಮಾತ್ರ ಎಲ್ಲರಿಗೂ ಆಗುತ್ತದೆ: ಡಿವೈಸ್ ಮ್ಯಾನೇಜರ್‌ನಲ್ಲಿ ವರ್ಟಿಯೋ ಬ್ಲಾಕ್ ಡಿಸ್ಕ್‌ನ ಡ್ರೈವರ್‌ಗೆ ‘ರೆಡ್ ಹ್ಯಾಟ್ ವರ್ಟಿಯೋ ಸ್ಕಸಿ ಕಂಟ್ರೋಲರ್’ ಎಂದು ಹೆಸರಿದೆ, ನಿಜವಾದ ವರ್ಟಿಯೋ ಸ್ಕಸಿಗೆ ಅದೇ ಹೆಸರಿನ ನಡುವೆ ‘ಪಾಸ್-ಥ್ರೂ’ ಸೇರಿದೆ. 3ನೇ ಹೆಜ್ಜೆಯಲ್ಲಿ ಯಾವ ಬಸ್ ಆರಿಸಿದಿರೋ 6ರಲ್ಲೂ ಅದೇ ಇರಲಿ.

ನೆಟ್‌ವರ್ಕ್ ಬದಲಿಸುವುದು ಸುಲಭ. ಇ1000 ಇದ್ದಲ್ಲಿ ವರ್ಟಿಯೋ ಎಂದು ಬರೆದರೆ ಆಯಿತು, ಮ್ಯಾಕ್ ವಿಳಾಸ ಹಾಗೇ ಇರಲಿ. ಆದರೆ ವಿಂಡೋಸ್‌ಗೆ ಅದು ಹೊಸ ಕಾರ್ಡ್. ಕೈಯಿಂದ ಕೊಟ್ಟಿದ್ದ ಐಪಿ ಹಳೇ ಕಾರ್ಡ್‌ನ ಹೆಸರಿನಲ್ಲೇ ಉಳಿದಿರುತ್ತದೆ, ಹೊಸದಕ್ಕೆ ಅದೇ ಐಪಿ ಕೊಡಲು ಹೋದರೆ ‘ಈಗಾಗಲೇ ಬೇರೆಯವರಿಗೆ ಕೊಟ್ಟಾಗಿದೆ’ ಎನ್ನುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಅಡಗಿದ ಸಾಧನಗಳನ್ನು ತೋರಿಸು ಎಂದು ಹೇಳಿ, ಮಸುಕಾಗಿ ಕಾಣುವ ಇಂಟೆಲ್ ಕಾರ್ಡನ್ನು ಅನ್‌ಇನ್‌ಸ್ಟಾಲ್ ಮಾಡಿ.

ಲೈಸೆನ್ಸ್‌ಗೆ ಅಂಟಿಕೊಂಡ ಸಾಫ್ಟ್‌ವೇರ್‌ಗಳು ಮ್ಯಾಕ್, ಡಿಸ್ಕ್ ಸೀರಿಯಲ್, ಮದರ್‌ಬೋರ್ಡ್‌ನ ಯುಯುಐಡಿ ಇವುಗಳಲ್ಲಿ ಯಾವುದನ್ನಾದರೂ ಹಿಡಿದಿರಬಹುದು. ವಿಎಂನಲ್ಲಿ ಮೂರೂ ಎಕ್ಸ್‌ಎಂಎಲ್‌ನ ಸಾಲುಗಳು. ವಿಎಂ ಅಳಿಸಿ ಹೊಸದಾಗಿ ಕಟ್ಟಿದರೆ ಯುಯುಐಡಿ ಬದಲಾಗುತ್ತದೆ. 2ನೇ ಹೆಜ್ಜೆಯಲ್ಲಿ ಉಳಿಸಿದ ಫೈಲ್ ಆಗ ಕೈ ಹಿಡಿಯುತ್ತದೆ.

ಲಿನಕ್ಸ್ ಗೆಸ್ಟ್‌ನ ತೊಂದರೆ ಬೇರೆ. ಬೂಟ್ ಇಮೇಜ್ ಕಟ್ಟಲು ಡ್ರಾಕಟ್ ಬಳಸುವ ಡಿಸ್ಟ್ರೋಗಳಲ್ಲಿ ಬೂಟ್ ಇಮೇಜ್ ಒಳಗೆ ಆವತ್ತು ಇದ್ದ ಹಾರ್ಡ್‌ವೇರ್‌ಗೆ ಬೇಕಾದ ಡ್ರೈವರ್‌ಗಳಷ್ಟೇ ಇರಬಹುದು. ಬದಲಿಸುವ ಮುಂಚೆ ‘ಎಲ್‌ಎಸ್‌ಇನಿಟ್‌ಆರ್‌ಡಿ’ ಕೊಟ್ಟು ವರ್ಟಿಯೋ ಬ್ಲಾಕ್ ಇದೆಯೇ ಹುಡುಕಿ, ಇಲ್ಲದಿದ್ದರೆ ಸೇರಿಸಿ. /ಇಟಿಸಿ/ಎಫ್‌ಎಸ್‌ಟ್ಯಾಬ್‌ನಲ್ಲಿ ಎಸ್‌ಡಿಎ1 ಎಂದಿರುವಲ್ಲೆಲ್ಲ ಆ ಪಾರ್ಟಿಶನ್‌ನ ಯುಯುಐಡಿ ಹಾಕಿ.

ಸುಮ್ಮನಿದ್ದರೂ ಬಿಸಿಯಾಗುವ ವಿಂಡೋಸ್

ಗೆಸ್ಟ್‌ನಲ್ಲಿ ಏನೂ ನಡೆಯುತ್ತಿಲ್ಲ, ಹೋಸ್ಟ್‌ನ ‘ಟಾಪ್’ನಲ್ಲಿ ಕ್ಯೂಇಎಂಯು ಮಾತ್ರ ಸಿಪಿಯು ತಿನ್ನುತ್ತಿದೆ. ಕಾರಣ ಹೆಚ್ಚಾಗಿ ಗಡಿಯಾರ. ವೇಷ ಹಾಕಿದ ಹಳೇ ಟೈಮರ್‌ಗಳನ್ನು ವಿಂಡೋಸ್ ಮತ್ತೆಮತ್ತೆ ಮುಟ್ಟುತ್ತದೆ, ಮುಟ್ಟಿದಾಗಲೆಲ್ಲ ಎಕ್ಸಿಟ್.

ಕೆವಿಎಂನ ಸ್ವಂತ ಗಡಿಯಾರ ವಿಂಡೋಸ್‌ಗೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಮೈಕ್ರೋಸಾಫ್ಟ್‌ನ ಹೈಪರ್-ವಿ ತೋರಿಸುವ ಗಡಿಯಾರ. ಹಾಗಾಗಿ ಕೆವಿಎಂ ಇಲ್ಲಿ ಹೈಪರ್-ವಿಯ ಮಾತನ್ನೇ ಆಡುತ್ತದೆ: ಮೊದಲು ಹೇಳಿದ 40000000ನೇ ಪುಟದಲ್ಲಿ ‘ಮೈಕ್ರೋಸಾಫ್ಟ್ ಎಚ್‌ವಿ’ ಎಂಬ ಸಹಿ ಕೂರುತ್ತದೆ, ಕೆವಿಎಂನ ಸ್ವಂತ ಸಹಿ 40000100ಕ್ಕೆ ಸರಿಯುತ್ತದೆ. ಮಾಡಬೇಕಾದ್ದು ಇಷ್ಟು: ಎಕ್ಸ್‌ಎಂಎಲ್‌ನ ಹೈಪರ್‌ವಿ ಭಾಗದಲ್ಲಿ ರಿಲ್ಯಾಕ್ಸ್ಡ್, ವಿಎಪಿಐಸಿ, ವಿಪಿಇಂಡೆಕ್ಸ್, ಸಿನಿಕ್, ಎಸ್‌ಟೈಮರ್ ಆನ್ ಮಾಡಿ. ಕ್ಲಾಕ್ ಭಾಗದಲ್ಲಿ ಹೈಪರ್‌ವಿಕ್ಲಾಕ್ ‘ಯೆಸ್’, ಎಚ್‌ಪಿಇಟಿ ‘ನೋ’. ಎಸ್‌ಟೈಮರ್ ಒಂದನ್ನೇ ಆನ್ ಮಾಡಿದರೆ ನಡೆಯದು. ಅದಕ್ಕೆ ವಿಪಿಇಂಡೆಕ್ಸ್, ಸಿನಿಕ್ ಮತ್ತು ಆ ಗಡಿಯಾರ ಮೂರೂ ಬೇಕು.

ಲಿನಕ್ಸ್ ಗೆಸ್ಟ್‌ಗೆ ಇದ್ಯಾವುದೂ ಬೇಡ, ಕೆವಿಎಂ-ಕ್ಲಾಕ್ ಅದಕ್ಕೆ ಗೊತ್ತು.

ಬಲೂನ್ ಎಂಬ ಇನ್ನೊಂದು ವರ್ಟಿಯೋ ಸಾಧನ ಕಾಣುತ್ತದೆ, ಗೆಸ್ಟ್‌ನಿಂದ ಮೆಮೊರಿ ವಾಪಸ್ ಕೇಳಲು ಇರುವಂಥದ್ದು. ಒಂದೆರಡು ವಿಎಂ ಇರುವ ಕಡೆ ಅದರ ತಂಟೆಗೆ ಹೋಗಬೇಡಿ. ಜಾಸ್ತಿ ಕೇಳಿದರೆ ಗೆಸ್ಟ್‌ನ ಡೇಟಾಬೇಸ್ ಮೆಮೊರಿ ಸಾಲದೆ ಸಾಯುತ್ತದೆ.

ತಕ್ಕಡಿಯ ಕೇಬಲ್

ಎಲೆಕ್ಟ್ರಾನಿಕ್ ತಕ್ಕಡಿಯ ಸೀರಿಯಲ್ ಕೇಬಲ್ ಯುಎಸ್‌ಬಿ ಪರಿವರ್ತಕದ ಮೂಲಕ ಬರುತ್ತದೆ. ಎರಡು ದಾರಿಯಿದೆ. ಪರಿವರ್ತಕವನ್ನೇ ಗೆಸ್ಟ್‌ಗೆ ಕೊಟ್ಟರೆ ವಿಂಡೋಸ್‌ನಲ್ಲಿ ಅದರ ಡ್ರೈವರ್ ಬೇಕು, ಕಾಂ ಪೋರ್ಟ್ ಅಂಕಿ 3 ಆಗಬಹುದು, 7 ಆಗಬಹುದು. ಹೋಸ್ಟ್‌ನ ಟಿಟಿವೈಯುಎಸ್‌ಬಿ0 ಅನ್ನು ಗೆಸ್ಟ್‌ನ ಕಾಂ1 ಆಗಿ ತೋರಿಸಿದರೆ ಗೆಸ್ಟ್ ನೋಡುವುದು ಹಳೇ 16550ಎ ಚಿಪ್ಪನ್ನು, ಡ್ರೈವರ್ ಬೇಡ. ಗೆಸ್ಟ್ 9600 ಎಂದು ವೇಗ ಇಟ್ಟರೆ ಕ್ಯೂಇಎಂಯು ಅದನ್ನೇ ನಿಜವಾದ ಪೋರ್ಟ್‌ಗೆ ದಾಟಿಸುತ್ತದೆ. ಹಳೇ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಈ ಎರಡನೇ ದಾರಿಯೇ ಮೇಲು. ವೇಷ ನಿಧಾನ ಎಂದೆವು, ನಿಜ. ಆದರೆ ತಕ್ಕಡಿ ಸೆಕೆಂಡಿಗೆ ಕೆಲವೇ ಅಕ್ಷರ ಕಳಿಸುತ್ತದೆ, ಅಲ್ಲಿ ನಿಧಾನದ ಪ್ರಶ್ನೆಯೇ ಇಲ್ಲ.

ಟಿಟಿವೈಯುಎಸ್‌ಬಿ0 ಎಂಬ ಹೆಸರನ್ನು ನೇರ ಬರೆಯಬೇಡಿ, ಕೇಬಲ್ ಕಿತ್ತು ಹಾಕಿದರೆ ಅದು ಟಿಟಿವೈಯುಎಸ್‌ಬಿ1 ಆಗಬಹುದು. /ಡೆವ್/ಸೀರಿಯಲ್/ಬೈ-ಐಡಿ ಒಳಗಿನ ಹೆಸರು ಬಳಸಿ. ಅಗ್ಗದ ಸಿಎಚ್340 ಪರಿವರ್ತಕಗಳಿಗೆ (1ಎ86:7523) ಸಾಮಾನ್ಯವಾಗಿ ಪ್ರತ್ಯೇಕ ಸೀರಿಯಲ್ ಅಂಕಿ ಇರುವುದಿಲ್ಲ. ಅಂಥವು ಎರಡಿದ್ದರೆ ಬೈ-ಪಾತ್ ಹೆಸರು ಹಾಕಿ, ಯಾವ ಕೇಬಲ್ ಯಾವ ತೂತಿಗೆ ಎಂದು ಚೀಟಿ ಅಂಟಿಸಿ. ಕೇಬಲ್ ಹಾಕದೆ ಇದ್ದರೆ ವಿಎಂ ಏಳಲು ಒಪ್ಪುವುದಿಲ್ಲ. ಬೆಳಿಗ್ಗೆ ‘ವಿಎಂ ಸ್ಟಾರ್ಟ್ ಆಗ್ತಿಲ್ಲ’ ಎಂಬ ಫೋನ್ ಬಂದರೆ ಮೊದಲು ಅದನ್ನೇ ಕೇಳಿ. ಓಡುತ್ತಿರುವಾಗ ಕಿತ್ತು ಹಾಕಿದರೆ ವಿಎಂ ಪೂರ್ತಿ ಆರಿಸಿ ಎಬ್ಬಿಸಬೇಕು, ಒಳಗಿಂದ ರೀಸ್ಟಾರ್ಟ್ ಮಾಡಿದರೆ ಸಾಲದು, ಏಕೆಂದರೆ ಕ್ಯೂಇಎಂಯು ಹಿಡಿದಿರುವುದು ಹಳೇ ಪೋರ್ಟನ್ನೇ.

ಆರಿದ್ರಾ ಮಳೆ ಹಿಡಿಯುವ ಮೊದಲು

ಮಲೆನಾಡಿನಲ್ಲಿ ಜೂನ್ ದಾಟಿದರೆ ಮರ ಬಿದ್ದು ಲೈನ್ ಹೋಗುವುದು ಲೆಕ್ಕದಲ್ಲೇ ಇರಬೇಕು. ಕರೆಂಟ್ ಹೋದಾಗ ಉಳಿಯುವುದು ಡಿಸ್ಕ್ ತಲುಪಿದ್ದು ಮಾತ್ರ. ಗೆಸ್ಟ್‌ನ ಡೇಟಾಬೇಸ್ ಒಂದು ಬಿಲ್ಲು ಉಳಿಸಿ ‘ಫ್ಲಶ್’ ಎಂದು ಕೂಗುತ್ತದೆ. ಆ ಕೂಗು ವರ್ಟಿಯೋ ಮೂಲಕ ಹೋಸ್ಟ್‌ಗೆ, ಅಲ್ಲಿಂದ ನಿಜವಾದ ಡಿಸ್ಕ್‌ಗೆ ಮುಟ್ಟಬೇಕು. 9ನೇ ಬಿಟ್ ಇರುವುದು ಇದಕ್ಕೇ.

ಡಿಸ್ಕ್‌ನ ಡ್ರೈವರ್ ಸಾಲಿನಲ್ಲಿ ಕ್ಯಾಶ್ ಎಂಬುದನ್ನು ನೋಡಿ. ‘ನನ್’ ಎಂದರೆ ಹೋಸ್ಟ್‌ನ ಮೆಮೊರಿಯಲ್ಲಿ ತಂಗದೆ ಸೀದಾ ಡಿಸ್ಕ್‌ಗೆ. ‘ರೈಟ್‌ಬ್ಯಾಕ್’ ಎಂದರೆ ಮೆಮೊರಿಯಲ್ಲಿ ತಂಗುತ್ತದೆ, ಫ್ಲಶ್ ಬಂದಾಗ ಡಿಸ್ಕ್‌ಗೆ ಇಳಿಯುತ್ತದೆ. ಎರಡೂ ಫ್ಲಶ್‌ಗೆ ಮರ್ಯಾದೆ ಕೊಡುತ್ತವೆ. ‘ಅನ್‌ಸೇಫ್’ ಎಂದರೆ ಫ್ಲಶ್ ಆಯಿತು ಎಂದು ಸುಳ್ಳು ಹೇಳುತ್ತದೆ. ಇನ್‌ಸ್ಟಾಲ್ ಬೇಗ ಮುಗಿಯಲಿ ಎಂದು ಅದನ್ನು ಹಾಕಿ ಮರೆತುಬಿಟ್ಟ ಮಶೀನುಗಳೇ ಮಳೆಗಾಲದಲ್ಲಿ ಡೇಟಾಬೇಸ್ ಕಳೆದುಕೊಳ್ಳುವುದು. ವಿಂಡೋಸ್ ಒಳಗೂ ನೋಡಿ: ಡಿಸ್ಕ್‌ನ ಪ್ರಾಪರ್ಟೀಸ್, ಪಾಲಿಸೀಸ್‌ನಲ್ಲಿ ‘ರೈಟ್-ಕ್ಯಾಶ್ ಬಫರ್ ಫ್ಲಶಿಂಗ್ ಆಫ್ ಮಾಡು’ ಎಂಬ ಚೌಕದಲ್ಲಿ ಟಿಕ್ ಇರಬಾರದು.

ಮುಂದಿನದು ಯುಪಿಎಸ್ ಲೆಕ್ಕ. ಹೋಸ್ಟ್ ಆರುವಾಗ ಗೆಸ್ಟ್‌ಗಳನ್ನು ಆರಿಸುವುದು ಲಿಬ್‌ವರ್ಟ್-ಗೆಸ್ಟ್ಸ್ ಎಂಬ ಸರ್ವಿಸ್. ಅದರ ಸೆಟ್ಟಿಂಗ್ ಫೈಲಿನಲ್ಲಿ ‘ಆನ್ ಶಟ್‌ಡೌನ್’ ಎಂಬಲ್ಲಿ ‘ಸಸ್ಪೆಂಡ್’ ಇದ್ದರೆ ‘ಶಟ್‌ಡೌನ್’ ಮಾಡಿ. ‘ಶಟ್‌ಡೌನ್ ಟೈಮ್‌ಔಟ್’ 300 ಸೆಕೆಂಡ್ ಇದ್ದು, ಮೂರು ಗೆಸ್ಟ್‌ಗಳು ಒಂದಾದ ಮೇಲೊಂದು ಆರುವುದಾದರೆ ಕೆಟ್ಟ ದಿನ 900 ಸೆಕೆಂಡ್, ಅಂದರೆ 15 ನಿಮಿಷ ಬೇಕು. ಬ್ಯಾಟರಿ ಅಷ್ಟು ತಡೆಯದಿದ್ದರೆ ‘ಪ್ಯಾರಲಲ್ ಶಟ್‌ಡೌನ್’ 3 ಮಾಡಿ. ಆಗ ಆ 300 ಸೆಕೆಂಡ್ ಮೂರಕ್ಕೂ ಒಟ್ಟಿಗೆ.

ಶಟ್‌ಡೌನ್ ಎಂಬ ಮಾತು ಗೆಸ್ಟ್‌ಗೆ ತಲುಪುವುದೂ ಒಂದು ವೇಷದ ಮೂಲಕವೇ, ಎಸಿಪಿಐ ಪವರ್ ಬಟನ್ ಒತ್ತಿದಂತೆ. ವಿಂಡೋಸ್‌ನಲ್ಲಿ ‘ಪವರ್ ಬಟನ್ ಒತ್ತಿದರೆ ಏನೂ ಮಾಡಬೇಡ’ ಎಂದಿದ್ದರೆ ಅದು ಕಿವುಡು. ಗೆಸ್ಟ್ ಏಜೆಂಟ್ ಇದ್ದರೆ ‘ವರ್ಶ್ ಶಟ್‌ಡೌನ್’ಗೆ ‘--ಮೋಡ್ ಏಜೆಂಟ್’ ಸೇರಿಸಿ ಅದರ ಮೂಲಕ ಹೇಳಬಹುದು. ಏಜೆಂಟ್ ಬದುಕಿದೆಯೇ ತಿಳಿಯಲು ‘ವರ್ಶ್ ಡಾಮ್‌ಎಫ್‌ಎಸ್‌ಇನ್ಫೋ’ ಕೊಡಿ. ಸಿ ಡ್ರೈವ್ ಕಂಡರೆ ಸರಿ. ‘ಏಜೆಂಟ್ ಕನೆಕ್ಟ್ ಆಗಿಲ್ಲ’ ಎಂದರೆ ಎಕ್ಸ್‌ಎಂಎಲ್‌ನಲ್ಲಿ ಅದರ ಚಾನೆಲ್ ಸಾಧನ ಇಲ್ಲ, ಅಥವಾ ವಿಂಡೋಸ್‌ನಲ್ಲಿ ಸರ್ವಿಸ್ ಓಡುತ್ತಿಲ್ಲ.

ಕೊನೆಗೆ, ಮಂಡಿಗೆ ರಜೆ ಇರುವ ಭಾನುವಾರ ಡಿಸ್ಕ್ ಫೈಲಿನ ಪ್ರತಿ ತೆಗೆದು, ಯುಪಿಎಸ್‌ನ ಪ್ಲಗ್ಗನ್ನು ಗೋಡೆಯಿಂದ ಕೀಳಿ. ಕೈಯಲ್ಲಿ ಗಡಿಯಾರ ಹಿಡಿದು, ಹೋಸ್ಟ್ ತಾನೇ ಆರುವವರೆಗೆ ಎಷ್ಟು ನಿಮಿಷ, ಬ್ಯಾಟರಿಯಲ್ಲಿ ಎಷ್ಟು ಉಳಿಯಿತು ಬರೆದುಕೊಳ್ಳಿ. ಮತ್ತೆ ಎಬ್ಬಿಸಿದಾಗ ವಿಂಡೋಸ್ ಇವೆಂಟ್ ವ್ಯೂವರ್‌ನ ಸಿಸ್ಟಂ ಲಾಗ್‌ನಲ್ಲಿ ‘ಕರ್ನಲ್-ಪವರ್ 41’ ಇದ್ದರೆ ಗೆಸ್ಟ್ ಸರಿಯಾಗಿ ಆರಿಲ್ಲ, ಅರ್ಧದಲ್ಲಿ ಕತ್ತರಿಸಿಹೋಗಿದೆ. ಟೈಮ್‌ಔಟ್ ಮತ್ತು ಏಜೆಂಟ್ ಎರಡನ್ನೂ ನೋಡಿ, ಮುಂದಿನ ಭಾನುವಾರ ಪ್ಲಗ್ ಇನ್ನೊಮ್ಮೆ ಕೀಳಿ.